ಕೈಪಂಪಿನ ಮುಂದೆ ನಾನು ಮಾಡಿದ ಪ್ರಾರ್ಥನೆ

ಪಂಪು ಕೆಟ್ಟಿದೆ ಎಂಬ ಸುದ್ದಿ ಬಂದಾಗ ನಾನು ಲಂಡನ್ನಿನ ಇಲ್ಫರ್ಡಿನಲ್ಲಿ ನನ್ನ ತಂಗಿಯ ಮನೆಯ ಮುಂದಿನ ಕೋಣೆಯಲ್ಲಿ ಮುಖ ಕೆಳಗೆ ಮಾಡಿಕೊಂಡು ಮಲಗಿದ್ದೆ. ಬಲಗಣ್ಣಿನ ಒಳಪರದೆ ಕಿತ್ತುಬಂದಿತ್ತು. ಆಸ್ಪತ್ರೆಯಲ್ಲಿ ಅದನ್ನು ಅಂಟಿಸಿ, ಅಂಟು ಹಿಡಿಯುವವರೆಗೆ ಒತ್ತಿ ಹಿಡಿಯಲಿ ಎಂದು ಕಣ್ಣಿನೊಳಗೆ ಗ್ಯಾಸಿನ ಗುಳ್ಳೆಯೊಂದನ್ನು ತುಂಬಿ ಕಳಿಸಿದ್ದರು. ಗುಳ್ಳೆ ಮೇಲಕ್ಕೇರಿ ಪರದೆಯನ್ನು ಒತ್ತಬೇಕಾದರೆ ಮುಖ ನೆಲವನ್ನೇ ನೋಡುತ್ತಿರಬೇಕು. ಊಟಕ್ಕೆ, ಶೌಚಕ್ಕೆ ಬಿಟ್ಟರೆ ಏಳುವಂತಿಲ್ಲ. ಗುಳ್ಳೆ ಕರಗುವವರೆಗೆ ವಿಮಾನ ಹತ್ತುವಂತಿಲ್ಲ. ಎತ್ತರಕ್ಕೆ ಹೋದರೆ ಅದು ಹಿಗ್ಗಿ ಕಣ್ಣನ್ನೇ ತೆಗೆಯುತ್ತದಂತೆ. ಅದನ್ನು ಬರೆದ ಹಸಿರು ಪಟ್ಟಿಯೊಂದನ್ನು ಮಣಿಕಟ್ಟಿಗೆ ಕಟ್ಟಿದ್ದರು.

ತಂಗಿ ನಿವೃತ್ತ ನರ್ಸು. ಮಸಾಜ್ ಮಾಡುವವರು ಬಳಸುವ, ಮುಖಕ್ಕೆ ತೂತಿರುವ ಬೆಂಚೊಂದನ್ನು ಎಲ್ಲಿಂದಲೋ ತಂದು ಹಾಕಿದ್ದಳು. ಆ ತೂತಿನಲ್ಲಿ ಮುಖ ಇಟ್ಟು ಕಾರ್ಪೆಟ್ ನೋಡುತ್ತ ದಿನ ಕಳೆಯುತ್ತಿದ್ದೆ. ಎಡಗಣ್ಣಿಗೆ ಮೊದಲೇ ಪೊರೆ. ಫೋನನ್ನು ನನ್ನ ಮುಖದ ಕೆಳಗೆ ನೆಲದ ಮೇಲೆ ಇಟ್ಟಿರುತ್ತಿದ್ದಳು. ಮಾತು ಕೇಳುತ್ತಿತ್ತು, ಚಿತ್ರ ಕಾಣುತ್ತಿರಲಿಲ್ಲ.

ಫೋನು ಮಾಡಿದವನು ನಮ್ಮ ಸಭೆಯ ಹಿರಿಯ. ನಮ್ಮ ಸಭೆ ಎಂದರೆ ಜಾಂಬಿಯಾದ ಪೂರ್ವಭಾಗದ ಒಂದು ಹಳ್ಳಿಯದು. ಇಲ್ಲಿಯ ನಗರಸಭೆ ಕಟ್ಟಡಗಳ ರಿಪೇರಿ ಕೆಲಸದಿಂದ ನಿವೃತ್ತನಾದ ಮೇಲೆ, ಇಲ್ಫರ್ಡಿನ ಕ್ರೈಸ್ತ ಸಭೆಯವರು ನನ್ನನ್ನು ಅಲ್ಲಿಗೆ ಮಿಶನರಿಯಾಗಿ ಕಳಿಸಿದ್ದರು. ನಾನು ಪಾದ್ರಿಯಲ್ಲ, ಹೈಸ್ಕೂಲು ಮುಗಿಸಿದವನು. ಆದರೆ ಹರೆಯದಲ್ಲಿ ಗದಗಿನ ಕಡೆ ಕೈಪಂಪು ರಿಪೇರಿ ಮಾಡುವ ತಂಡದಲ್ಲಿದ್ದೆ. ಆ ಹಳ್ಳಿಯಲ್ಲಿ ಇದ್ದದ್ದು ನಮ್ಮ ಊರುಗಳಲ್ಲಿ ಇರುತ್ತಿದ್ದಂಥದೇ ಪಂಪು. ಅದೇ ಕಬ್ಬಿಣದ ತಲೆ, ಅದೇ ಉದ್ದ ಹಿಡಿಕೆ. ಅದನ್ನು ಮೊದಲ ದಿನ ಕಂಡಾಗ ದೇವರು ನನ್ನನ್ನು ಇಲ್ಲಿಗೇ ಕರೆದಿದ್ದಾನೆ ಅಂದುಕೊಂಡೆ.

"ಅಗೊಗೊ, ನೀರು ನಿಂತಿದೆ" ಎಂದ ಹಿರಿಯ. ಅಗೊಗೊ ಎಂದರೆ ಅವರ ಮಾತಿನಲ್ಲಿ ಅಜ್ಜ. ಊರೆಲ್ಲ ನನ್ನನ್ನು ಹಾಗೇ ಕರೆಯುತ್ತಿತ್ತು.

"ಹಿಡಿಕೆ ಹೇಗಿದೆ? ಪೂರಾ ಹಗುರವಾಗಿದೆಯೋ?"

"ಪೂರಾ ಅಲ್ಲ. ಕೆಲವು ವಾರಗಳಿಂದ ಬೆಳಿಗ್ಗೆ ಬಹಳ ಹೊತ್ತು ಹೊಡೆದ ಮೇಲೆ ನೀರು ಬರುತ್ತಿತ್ತು. ಈಗ ಎಷ್ಟು ಹೊಡೆದರೂ ಇಲ್ಲ."

ಕೇಳಿದ ತಕ್ಷಣ ಗೊತ್ತಾಯಿತು. ಹಿಡಿಕೆ ಪೂರಾ ಹಗುರವಾಗಿದ್ದರೆ ಒಳಗಿನ ಸರಳು ತುಂಡಾಗಿದೆ ಎಂದು ಅರ್ಥ. ಹೀಗೆ ನಿಧಾನವಾಗಿ ಕೈಕೊಟ್ಟಿತೆಂದರೆ ವಾಶರು. ಭೂಮಿಯೊಳಗೆ ಕೊಳವೆಯ ತಳದಲ್ಲಿ ಹಿತ್ತಾಳೆಯ ಸಿಲಿಂಡರಿದೆ, ಅದರಲ್ಲಿ ಮೇಲೆ ಕೆಳಗೆ ಆಡುವ ದಟ್ಟೆಗೆ, ಅಂದರೆ ಪಿಸ್ಟನ್ನಿಗೆ, ಬಟ್ಟಲಿನಂಥ ಎರಡು ವಾಶರುಗಳಿವೆ. ಅವು ಸವೆದರೆ ನೀರು ಪಕ್ಕದಿಂದ ಜಾರುತ್ತದೆ. ನಾನು ಲಂಡನ್ನಿಗೆ ಹೊರಡುವ ಮೊದಲೇ ಬದಲಿಸಬೇಕಿತ್ತು. ಕಣ್ಣಿನ ಗಾಬರಿಯಲ್ಲಿ ಬಿಟ್ಟು ಬಂದಿದ್ದೆ. ಹತಾರಗಳೂ ಹೊಸ ವಾಶರುಗಳೂ ಚರ್ಚಿನ ಹಿಂದಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಅದರ ಕೀಲಿ ನನ್ನ ಕೊರಳಲ್ಲಿ, ಶಿಲುಬೆಯ ದಾರದಲ್ಲೇ ಇತ್ತು.

ಬೀಗ ಒಡೆಯಿರಿ ಎಂದು ಹೇಳಬೇಕಿತ್ತು. ನಾನು ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂಬುದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳ್ಳಿಯಲ್ಲಿ ನನ್ನ ದಿನಚರಿ ಸಾದಾ ಇತ್ತು. ಬೆಳಗಾಗುತ್ತಲೇ ಮರಕ್ಕೆ ತೂಗುಹಾಕಿದ ಹಳೆಯ ಲಾರಿ ಚಕ್ರದ ಬಳೆಯನ್ನು ಬಾರಿಸಿ ಪ್ರಾರ್ಥನೆಗೆ ಕರೆಯುವುದು, ಗಾಯ ಹುಣ್ಣುಗಳಿಗೆ ಔಷಧ ಹಚ್ಚುವುದು, ಬಿಸಿಲೇರುವ ಮೊದಲು ಸೈಕಲ್ಲಿನಲ್ಲಿ ಮನೆಮನೆಗೆ ಹೋಗಿ ಬರುವುದು, ಸಂಜೆ ಹಾಡು. ಊಟ ಹಿರಿಯನ ಮನೆಯಲ್ಲಿ. ಅವನ ಹೆಂಡತಿಯನ್ನು ಎಲ್ಲರೂ ಅಮಾಯಿ ಎನ್ನುತ್ತಿದ್ದರು, ಅಮ್ಮ ಎಂದಂತೆ. ಗೋವಿನಜೋಳದ ಹಿಟ್ಟಿನ ಗಟ್ಟಿ ಮುದ್ದೆ ಬಡಿಸಿ ಎದುರಿಗೆ ಕೂರುತ್ತಿದ್ದಳು. ನಾನು ಜೋಳಿಗೆಯಿಂದ ಉಪ್ಪಿನಕಾಯಿ ಬಾಟಲಿ ತೆಗೆದರೆ, "ಸ್ವರ್ಗದ ಬಾಗಿಲಲ್ಲೂ ಅಗೊಗೊ ಇದನ್ನು ಹಿಡಿದೇ ನಿಲ್ಲುತ್ತಾರೆ, ದೇವದೂತರು ಮೂಸಿ ನೋಡಿ ಓಡಿಹೋಗುತ್ತಾರೆ" ಎನ್ನುತ್ತಿದ್ದಳು. ಹಿರಿಯ ಗದರುತ್ತಿದ್ದ. ಅವಳು ಲೆಕ್ಕಕ್ಕಿಡುತ್ತಿರಲಿಲ್ಲ.

ವರ್ಷದಲ್ಲಿ ಒಂದೆರಡು ಸಲ ಪಂಪು ತೆರೆಯುವ ದಿನ ಬರುತ್ತಿತ್ತು. ಗಂಡಸರು ಸೇರಿ ಕೊಳವೆಗಳನ್ನು ಒಂದೊಂದಾಗಿ ಮೇಲಕ್ಕೆಳೆಯುತ್ತಿದ್ದರು. ಕೊನೆಯಲ್ಲಿ ಸಿಲಿಂಡರು ಬಂದಾಗ, ಧೂಳು ಬೀಳಬಾರದೆಂದು ನಾನು ಸುತ್ತ ಬಟ್ಟೆ ಕಟ್ಟಿ ಒಬ್ಬನೇ ಒಳಗೆ ಕೂತು ವಾಶರು ಬದಲಿಸುತ್ತಿದ್ದೆ. ಮೊದಲ ಸಲ ಅದು ನಿಜವಾಗಿ ಧೂಳಿಗೇ ಕಟ್ಟಿದ ಬಟ್ಟೆ. ಎಲ್ಲ ಮತ್ತೆ ಇಳಿಸಿ ಜೋಡಿಸಿದ ಮೇಲೆ ಹಿಡಿಕೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದೆ. ಇಬ್ಬರು ಹೊಡೆಯುತ್ತಿದ್ದರು. ಖಾಲಿ ಕೊಳವೆ ತುಂಬುವವರೆಗೆ ನೀರು ಬರುವುದಿಲ್ಲ, ಅಷ್ಟು ಹೊತ್ತು ಹೊಡೆಯಲೇಬೇಕು. ಪ್ರಾರ್ಥನೆಯ ನಡುವೆ ನೀರು ಧುಮುಕಿತು. ಜನ ಮೊಳಕಾಲೂರಿದರು. ಒಬ್ಬ ಮುದುಕಿ ನನ್ನ ಪಾದ ಮುಟ್ಟಿದಳು.

ಅವತ್ತು "ಇಲ್ಲ, ಇದು ವಾಶರು" ಎಂದಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಖುಷಿಯಾಯಿತು. ಮುಂದಿನ ಸಲದಿಂದ ಬಟ್ಟೆ ಧೂಳಿಗಾಗಿ ಇರಲಿಲ್ಲ. ಎಷ್ಟು ಹೊಡೆತಕ್ಕೆ ನೀರು ಬರುತ್ತದೆಂದು ನನಗೆ ಅಂದಾಜಿತ್ತು. ಪ್ರಾರ್ಥನೆಯನ್ನು ಅಷ್ಟಕ್ಕೇ ಎಳೆದು, 'ಆಮೆನ್' ಹೇಳುವ ಹೊತ್ತಿಗೆ ನೀರು ಬರುವಂತೆ ನೋಡಿಕೊಳ್ಳುತ್ತಿದ್ದೆ. ಚರ್ಚು ತುಂಬಿತು. ತುಂಬಿದ ಚರ್ಚಿನ ಫೋಟೋ ಇಲ್ಫರ್ಡಿಗೆ ಬಂತು. ಇಲ್ಲಿಯವರು ಚಪ್ಪಾಳೆ ತಟ್ಟಿದರು.

ಹಾಗಾಗಿ ಅವತ್ತು ಫೋನಿನಲ್ಲಿ ಹಿರಿಯ ಕೇಳಿದ್ದು ಬೀಗದ ಮಾತಲ್ಲ. "ಜನ ಪಂಪಿನ ಹತ್ತಿರ ಸೇರಿದ್ದಾರೆ. ಅಲ್ಲಿಂದಲೇ ಪ್ರಾರ್ಥನೆ ಮಾಡಿ" ಎಂದ.

ಬೀಗ ಒಡೆಸಿದರೆ ಅವನೇ ವಾಶರು ಹಾಕಬೇಕು. ಅವನು ಹಾಕಿದರೆ, ಬಟ್ಟೆಯ ಹಿಂದೆ ಇಷ್ಟು ದಿನ ಏನು ನಡೆಯುತ್ತಿತ್ತು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ. ಇನ್ನು ಸ್ವಲ್ಪ ದಿನದಲ್ಲಿ ನಾನೇ ಹೋಗುತ್ತೇನಲ್ಲ, ಅಲ್ಲಿಯವರೆಗೆ ಹೇಗೋ ತಳ್ಳಲಿ ಅಂದುಕೊಂಡೆ. ಅನುಭವವಿಲ್ಲದವರು ಕೊಳವೆ ಕೈಬಿಟ್ಟರೆ ಬಾವಿಯೇ ಹಾಳು ಎಂದು ಮನಸ್ಸಿಗೆ ಒಂದು ನೆಪವನ್ನೂ ಕೊಟ್ಟೆ.

ಫೋನಿನಲ್ಲಿ ಜನರ ಗದ್ದಲ ಕೇಳುತ್ತಿತ್ತು. ನಡುವೆ ಅಮಾಯಿಯ ದನಿ: "ಅಗೊಗೊ, ಪಂಪಿಗೆ ಕಿವಿ ಎಲ್ಲಿದೆ ಹೇಳಿ, ಫೋನು ಅಲ್ಲಿಡುತ್ತೇವೆ."

ಕೆಲವರು ನಕ್ಕರು. ಅವಳೂ ನಕ್ಕಳು. ಹಿರಿಯ ಸುಮ್ಮನಿರು ಎಂದ. ಯಾರೋ ಫೋನನ್ನು ಪಂಪಿನ ತಲೆಗೆ ಒತ್ತಿ ಹಿಡಿದರು. ಕಬ್ಬಿಣ ಕಿರುಗುಟ್ಟುವ ಸದ್ದು ಬಂತು, ಹಿಡಿಕೆ ಹೊಡೆಯಲು ಶುರು ಮಾಡಿದ್ದರು. ನಾನು ಮುಖ ತೂತಿನಲ್ಲಿಟ್ಟುಕೊಂಡೇ ಪ್ರಾರ್ಥನೆ ಮಾಡಿದೆ. ಉದ್ದಕ್ಕೆ ಮಾಡಿದೆ. ನೀರು ಬರುವುದಿಲ್ಲ ಎಂದು ಆ ಗುಂಪಿನಲ್ಲಿ ನನಗೊಬ್ಬನಿಗೆ ಗೊತ್ತಿತ್ತು.

ಆಮೆನ್ ಹೇಳಿದ ಮೇಲೂ ಸ್ವಲ್ಪ ಹೊತ್ತು ಕಿರುಗುಟ್ಟಿತು. ಆಮೇಲೆ ನಿಂತಿತು.

ತಂಗಿ ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹುಬ್ಬಳ್ಳಿ ಧಾರವಾಡದ ಕಡೆಯ ಮಾತನ್ನು ಅವಳು ಲಂಡನ್ನಿನಲ್ಲೂ ಬಿಟ್ಟಿಲ್ಲ.

"ಅಣ್ಣಾ, ಪಂಪಿಗೆ ಏನಾಗೇತಿ?"

"ವಾಶರು ಹೋಗ್ಯಾವ."

"ವಾಶರು ಪ್ರಾರ್ಥನಿ ಮಾಡಿದ್ರ ಬರ್ತಾವೇನು?"

"ನಿನಗ ತಿಳಿಯೂದಿಲ್ಲ ಬಿಡು."

"ನನಗ ತಿಳಿಯೂದಿಲ್ಲ ಖರೇ. ನಿನಗ ತಿಳೀತೈತಲ್ಲ? ಹೇಳಾಕ ಏನ್ ಧಾಡಿ? ಮಾರಿ ಎತ್ತಬ್ಯಾಡ, ಕೆಳಗ ಇಡು. ಸ್ಟ್ರಾ ಹಾಕೇನಿ, ಕುಡಿ."

ಅದು ಮಳೆಗೆ ಮುಂಚಿನ ಸುಡುಬಿಸಿಲಿನ ಕಾಲ. ಹೊಳೆ ಒಣಗಿ, ದನ ಇಳಿಯುವ ಗುಂಡಿಗಳಲ್ಲಿ ಮಾತ್ರ ಹಸಿರು ನೀರು ನಿಂತಿತ್ತು. ಹೆಂಗಸರು ಅಲ್ಲಿಂದ ಹೊರತೊಡಗಿದರು. ಹಿರಿಯ ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದ. ಉಪವಾಸ ಮಾಡುತ್ತಿದ್ದೇವೆ ಎಂದ. ಸಭೆಯಲ್ಲಿ ಯಾರ ಪಾಪಕ್ಕೆ ಹೀಗಾಯಿತು ಎಂದು ಮಾತಾಡುತ್ತಿದ್ದಾರೆ ಎಂದ. ನಾನು ನೀರು ಕಾಯಿಸಿ ಕುಡಿಯಿರಿ ಎಂದೆ. ಅಷ್ಟು ಸೌದೆ ಎಲ್ಲಿಂದ ಬರಬೇಕು ಎಂದು ಅವನು ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ, "ಅಮಾಯಿಗೆ ವಾಂತಿ ಭೇದಿ, ಅಗೊಗೊ. ನಿನ್ನೆಯಿಂದ. ಇನ್ನೂ ಮೂರು ಮನೆಗಳಲ್ಲಿ ಹೀಗೇ ಆಗಿದೆ" ಎಂದ.

ತಂಗಿ ನೆಲದ ಮೇಲೆ ಕೂತು ಫೋನು ತೆಗೆದುಕೊಂಡಳು. ಇಂಗ್ಲಿಷಿನಲ್ಲಿ ಒಂದೊಂದೇ ಕೇಳಿದಳು. ಮೂತ್ರ ಹೋಗುತ್ತಿದೆಯೇ, ಕಣ್ಣು ಒಳಗಿಳಿದಿದೆಯೇ, ಚರ್ಮ ಚಿವುಟಿ ಬಿಟ್ಟರೆ ಹಾಗೇ ನಿಲ್ಲುತ್ತದೆಯೇ. ಉಪ್ಪು ಸಕ್ಕರೆ ಎಷ್ಟೆಷ್ಟು ಬೆರೆಸಬೇಕೆಂದು ಹೇಳಿದಳು. ಈಗಲೇ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ಎಂದಳು. ಫೋನಿಟ್ಟು, ಬೆಂಚಿನ ಕೆಳಗೆ ಬಗ್ಗಿ ನನ್ನ ಮುಖವನ್ನು ಕೆಳಗಿನಿಂದ ನೋಡಿದಳು.

"ಉಪ್ಪು ಸಕ್ಕರಿ ಯಾ ನೀರಿಗೆ ಹಾಕಬೇಕವರು? ಅದ ಗುಂಡಿ ನೀರಿಗೆ? ಖರೇ ಹೇಳು, ಅದು ರಿಪೇರಿ ಆಗೂದೋ ಇಲ್ಲೋ?"

"ಆಗ್ತದ."

"ನೀ ಇಲ್ಲದ?"

"ನಾ ಇಲ್ಲದನೂ ಆಗ್ತದ."

ಆ ಮಾತು ನನ್ನ ಬಾಯಿಂದ ಹೊರಬಿದ್ದ ಮೇಲೆ ತಡೆಯಲು ಏನೂ ಉಳಿಯಲಿಲ್ಲ. ಫೋನು ಮಾಡಿ ಹಿರಿಯನಿಗೆ ಹೇಳಿದೆ. ಬೀಗ ಒಡೆ, ನೀರು ಪ್ರಾರ್ಥನೆಯಿಂದ ಬರುತ್ತಿರಲಿಲ್ಲ, ಒಳಗೆ ಚರ್ಮದಂಥ ಎರಡು ಬಟ್ಟಲುಗಳಿವೆ, ಅವನ್ನು ಬದಲಿಸಿದರೆ ಬರುತ್ತದೆ ಎಂದೆ. ಅವನು "ಒಡೆಯಬಹುದೇ?" ಎಂದಷ್ಟೇ ಕೇಳಿದ. ತನ್ನ ತಮ್ಮನ ಸೈಕಲ್ಲಿನ ಕ್ಯಾರಿಯರಿಗೆ ಹೆಂಡತಿಯನ್ನು ಕೂರಿಸಿ, ಬೀಳದಂತೆ ಬಟ್ಟೆಯಿಂದ ಕಟ್ಟಿ, ಇಡೀ ದಿನದ ದಾರಿಯ ಕ್ಲಿನಿಕ್ಕಿಗೆ ಕಳಿಸಿ, ತಾನು ಪಂಪಿನ ಹತ್ತಿರ ಉಳಿದ. ನಾನು ಅವನಿಗೆ ಹೋಗು ಎನ್ನಬೇಕಿತ್ತು. ಕೊಳವೆ ಎಳೆಯುವಾಗ ಅದು ಜಾರದಂತೆ ಕಬ್ಬಿಣದ ಹಿಡಿತ ಹಾಕುತ್ತಿದ್ದವನು ಅವನೇ, ಬೇರೆಯವರಿಗೆ ಆಗುತ್ತಿರಲಿಲ್ಲ. ಮೊದಲು ಮೇಲಿನ ತಲೆ ಕಳಚಿ ಎಂದೆ.

ಮೇಲಿನ ತಲೆ ಕಳಚಿದರು. ಸರಪಳಿ ಬಿಚ್ಚಿದರು. ಕೊಳವೆಯನ್ನು ಒಂದಾಳೆತ್ತರ ಎತ್ತುವುದು, ಹಿಡಿತ ಬಿಗಿಯುವುದು, ಮೇಲಿನ ತುಂಡು ತಿರುಗಿಸಿ ತೆಗೆಯುವುದು, ಒಳಗಿನ ಸರಳು ಬಿಚ್ಚುವುದು, ಮತ್ತೆ ಎತ್ತುವುದು. ಇಷ್ಟು ಅವರಿಗೆ ಬರುತ್ತಿತ್ತು. ನಾನು ಸದ್ದಿನ ಮೇಲೆಯೇ ಹೇಳುತ್ತಿದ್ದೆ. ಒಮ್ಮೆ ಕಬ್ಬಿಣ ಸರ್ರನೆ ಜಾರಿದ ಸದ್ದು ಬಂತು, ಜೊತೆಗೆ ಒಬ್ಬನ ಕೂಗು. ನಾನು ತಲೆ ಎತ್ತಿಬಿಟ್ಟೆ. ತಂಗಿ ಹಿಂದಿನಿಂದ ಕುತ್ತಿಗೆ ಹಿಡಿದು ಕೆಳಗೆ ಒತ್ತಿದಳು. ಹಿಡಿತ ಕಚ್ಚಿಕೊಂಡಿತ್ತು, ಕೊಳವೆ ಉಳಿಯಿತು. ಒಬ್ಬನ ಅಂಗೈ ಸುಲಿದಿತ್ತು.

ಸಿಲಿಂಡರು ಮೇಲೆ ಬಂದ ಮೇಲೆ ಅವರಿಗೆ ಹಾದಿ ಗೊತ್ತಿರಲಿಲ್ಲ. ಹತಾರಗಳಿಗೆ ನಾನು ಅವರೆದುರು ಹೆಸರೇ ಹೇಳಿರಲಿಲ್ಲ. "ಕೋಳಿ ಬಾಯಿಯಂಥದ್ದು ಇದೆಯಲ್ಲ, ಅದು." "ಯಾವ ಕೋಳಿ, ಬಾಯಿ ತೆರೆದದ್ದೋ ಮುಚ್ಚಿದ್ದೋ?" ಹೀಗೆ ನಡೆಯಿತು. ಹಿರಿಯ ಮುಚ್ಚಳ ಬಿಚ್ಚಿ ದಟ್ಟೆ ಹೊರಗೆಳೆದ. ವಾಶರು ಕೈಯಲ್ಲಿ ಪುಡಿಯಾಯಿತು ಎಂದ. ಪೆಟ್ಟಿಗೆಯಲ್ಲಿ ಚಹಾ ಡಬ್ಬಿಯೊಳಗೆ ಹೊಸವಿವೆ ಎಂದೆ. ಡಬ್ಬಿ ತೆರೆಯುವ ಸದ್ದು ಬಂತು.

"ಇವೂ ಒಡೆದಿವೆ, ಅಗೊಗೊ."

ತಗಡಿನ ಮಾಡಿನ ಕೆಳಗೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆಯಲ್ಲಿ ಅವು ಬೆಂದು ಸೆಟೆದುಹೋಗಿದ್ದವು. ನಾನು ತಿಂಗಳುಗಟ್ಟಲೆ ತೆಗೆದು ನೋಡಿರಲಿಲ್ಲ.

ಗದಗಿನ ಕಡೆ ವಾಶರು ಸಿಗದಾಗ ನಾವು ಚರ್ಮ ಕತ್ತರಿಸುತ್ತಿದ್ದೆವು. ಎತ್ತಿನ ನೊಗದ ಪಟ್ಟಿ ಇದೆಯೇ ಎಂದೆ. ಇದೆ ಎಂದ. ಒಡೆದ ವಾಶರನ್ನು ಅದರ ಮೇಲಿಟ್ಟು ಅಂಚಿಗೆ ಒಂದು ಬೆರಳು ಹೆಚ್ಚು ಬಿಟ್ಟು ದುಂಡಗೆ ಕತ್ತರಿಸಲು, ನಡುವೆ ತೂತು ಮಾಡಲು, ಬಿಸಿನೀರಿನಲ್ಲಿ ಮೆತ್ತಗಾಗಿಸಿ ಬಾಟಲಿಯ ತಳಕ್ಕೆ ಒತ್ತಿ ಕಟ್ಟಲು, ಬಟ್ಟಲಿನ ಆಕಾರ ಬಂದ ಮೇಲೆ ಶೇಂಗಾ ಎಣ್ಣೆಯಲ್ಲಿ ನೆನೆಹಾಕಲು ಹೇಳಿದೆ. ಅದಕ್ಕೆ ಒಂದು ರಾತ್ರಿ ಬೇಕು. ಅವಸರ ಮಾಡಿದರೆ ಸಿಲಿಂಡರಿನಲ್ಲಿ ಮಡಚಿಕೊಳ್ಳುತ್ತದೆ.

"ಒಂದು ರಾತ್ರಿಯೇ?" ಎಂದ ಹಿರಿಯ. ಆಗ ಅವನ ದನಿಯಲ್ಲಿ ಇದ್ದದ್ದು ಸಿಟ್ಟೋ ದಣಿವೋ ನನಗೆ ತಿಳಿಯಲಿಲ್ಲ.

ಮಾರನೆಯ ದಿನ ಅವರು ಕೊಳವೆ ಇಳಿಸುತ್ತಿದ್ದಾಗ ಸೈಕಲ್ಲು ವಾಪಸು ಬಂತು. ಅಮಾಯಿ ಕ್ಲಿನಿಕ್ ತಲುಪುವ ಮೊದಲೇ, ದಾರಿಯಲ್ಲಿ ಒಂದು ಮಾವಿನ ಮರದ ಕೆಳಗೆ ಹೋಗಿಬಿಟ್ಟಿದ್ದಳು. ಫೋನು ತೆರೆದೇ ಇತ್ತು. ಹೆಂಗಸರು ಅಳಲು ಶುರು ಮಾಡಿದ್ದು ಕೇಳಿತು. ಯಾರೋ ಫೋನು ತೆಗೆದುಕೊಂಡು ವಿಷಯ ಹೇಳಿದರು. ಹಿರಿಯ ಇನ್ನೂ ಎರಡು ಕೊಳವೆ ಬಾಕಿ ಇವೆ ಎಂದು ಕೆಲಸ ಮುಂದುವರಿಸಿದನಂತೆ. ಅರ್ಧ ಇಳಿಸಿದ ಕೊಳವೆಗಳನ್ನು ಬಿಟ್ಟು ಹೋಗುವಂತಿಲ್ಲ. ಹಾಗೆ ಅವನಿಗೆ ಕಲಿಸಿದವನು ನಾನೇ.

ಸಂಜೆ ನೀರು ಬಂತು. ಅವಳ ಹೆಣ ತೊಳೆಯಲು ಮೊದಲ ಬಕೆಟ್ಟು ಹೋಯಿತು. ನನ್ನ ಕಣ್ಣಿನ ಗುಳ್ಳೆಗೆ ಅಳಬಾರದೆಂಬ ನಿಯಮವೇನೂ ಇರಲಿಲ್ಲ. ಆದರೆ ನನಗೆ ಅಳು ಬರಲಿಲ್ಲ.

ಉಳಿದ ಮೂರು ಮನೆಯವರು ಬದುಕಿಕೊಂಡರು. ಅವಳನ್ನು ಕೊಂದದ್ದು ಆ ನೀರೇ ಎಂದು ಯಾರೂ ಪರೀಕ್ಷೆ ಮಾಡಿ ಹೇಳಿಲ್ಲ. ನನಗೆ ಅನುಮಾನವಿಲ್ಲ.

ಇದು ಇಲ್ಲಿಗೆ ಮುಗಿದಿದ್ದರೆ ನಾನು ಬಹುಶಃ ಬರೆಯುತ್ತಿರಲಿಲ್ಲ. ಆ ಕಡೆಯ ಸಭೆಗಳಲ್ಲಿ ಹೆಂಗಸರ ಸಂಘದವರು ಒಬ್ಬ ಸದಸ್ಯೆ ತೀರಿಕೊಂಡರೆ ಬಿಳಿ ರವಿಕೆ, ಬಿಳಿ ತಲೆಬಟ್ಟೆ ಧರಿಸಿ ಹಾಡುತ್ತ ಅವಳ ಶವ ಹೊತ್ತು ಹೋಗುತ್ತಾರೆ. ಒಬ್ಬ ಹೆಂಗಸಿಗೆ ಅದಕ್ಕಿಂತ ದೊಡ್ಡ ಗೌರವ ಅಲ್ಲಿ ಇಲ್ಲ. ಅಮಾಯಿಗೆ ಅವರು ಬಿಳಿ ಉಡಲಿಲ್ಲ. ಹಾಡಲಿಲ್ಲ. ಹಿರಿಯ ಅದನ್ನು ಕೆಲವು ದಿನ ಬಿಟ್ಟು ಹೇಳಿದ.

"ಯಾಕೆ?"

"ನೀವು ಪ್ರಾರ್ಥನೆ ಮಾಡುವಾಗ ಅವಳು ನಕ್ಕಳಲ್ಲ. ಅದಕ್ಕೇ ಅವತ್ತು ನೀರು ಬರಲಿಲ್ಲ ಎನ್ನುತ್ತಾರೆ. ಅವಳು ಹೋದ ಕೂಡಲೇ ನೀರು ಬಂತು ನೋಡಿ."

ಮುಂದಿನ ಭಾನುವಾರ ಚರ್ಚಿನಲ್ಲಿ ಫೋನನ್ನು ಎಲ್ಲರಿಗೂ ಕೇಳುವಂತೆ ಇಡಿಸಿ ನಾನು ಎಲ್ಲವನ್ನೂ ಹೇಳಿದೆ. ಬಟ್ಟೆಯ ವಿಷಯ, ಪ್ರಾರ್ಥನೆಯನ್ನು ಹೊಡೆತಕ್ಕೆ ಹೊಂದಿಸುತ್ತಿದ್ದ ವಿಷಯ, ಕೀಲಿಯ ವಿಷಯ. ಅಮಾಯಿಯದು ಏನೂ ತಪ್ಪಿಲ್ಲ, ಅವಳು ಕೇಳಿದ್ದೇ ಸರಿಯಾದ ಪ್ರಶ್ನೆ ಎಂದೆ. ಮುಗಿದ ಮೇಲೆ ಹೆಂಗಸರ ಸಂಘದ ಮುಖ್ಯಸ್ಥೆ ಎದ್ದು ಹೇಳಿದ್ದು ಕೇಳಿತು. "ನೋಡಿ, ಅಗೊಗೊ ಎಂಥ ದೊಡ್ಡವರು. ಅವಳ ಪಾಪವನ್ನೂ ತಮ್ಮ ಮೇಲೆ ಹಾಕಿಕೊಳ್ಳುತ್ತಿದ್ದಾರೆ."

ಅಷ್ಟರಲ್ಲಿ ಇಲ್ಫರ್ಡಿನ ಸಭೆಯ ವಾಟ್ಸಾಪ್ ಗುಂಪಿಗೂ ಹಳ್ಳಿಯಿಂದ ಯಾರದೋ ಸಂದೇಶ ಬಂದಿತ್ತು. ಲಂಡನ್ನಿನಿಂದ ಅಗೊಗೊ ಮಾತಾಡಿದರು, ಬತ್ತಿದ ಬಾವಿಯಲ್ಲಿ ನೀರು ಬಂತು. ನಾನು ಎದ್ದು ಓಡಾಡುವಂತಾದ ಮೇಲೆ ಪಾಸ್ಟರು ಮನೆಗೆ ಬಂದರು. ಬೆಂಗಳೂರಿನವರು, ಒಳ್ಳೆಯವರು. "ಅಂಕಲ್, ಸಂಡೇ ಒಂದು ಸಾಕ್ಷಿ ಹೇಳ್ಬಿಡಿ. ಯಂಗ್‌ಸ್ಟರ್ಸ್‌ಗೆ ತುಂಬಾ ಬ್ಲೆಸಿಂಗ್ ಆಗತ್ತೆ" ಎಂದರು. ಸಾಕ್ಷಿ ಎಂದರೆ ದೇವರು ತನಗೆ ಮಾಡಿದ್ದನ್ನು ಸಭೆಯ ಮುಂದೆ ನಿಂತು ಹೇಳುವುದು.

ನಾವು ಬಾಡಿಗೆಗೆ ಹಿಡಿಯುವ ಶಾಲೆಯ ಹಾಲಿನಲ್ಲಿ ನಿಂತು ಸಾಕ್ಷಿ ಹೇಳಿದೆ. ಇದೇ ಸಾಕ್ಷಿ. ಕೊನೆಯಲ್ಲಿ ಪಾಸ್ಟರು ನನ್ನ ಹೆಗಲ ಮೇಲೆ ಕೈಯಿಟ್ಟು, ದೇವರು ಒಡೆದ ಪಾತ್ರೆಗಳನ್ನೂ ಬಳಸುತ್ತಾನೆ ಎಂದು ಪ್ರಾರ್ಥಿಸಿದರು. ಹೊರಗೆ ಚಹಾ ಕುಡಿಯುವಾಗ ಒಬ್ಬ ಹೆಂಗಸು ಬಂದು, "ಏನ್ ಹಂಬಲ್ ಅಂಕಲ್ ನೀವು" ಎಂದರು. ತಂಗಿ ನನ್ನ ತೋಳು ಹಿಡಿದು ಕಾರಿನ ಕಡೆ ಎಳೆದುಕೊಂಡು ಹೋದಳು. "ಮನಿಗೆ ಹೋಗೂಣ ನಡಿ. ಇಲ್ಲಿ ನೀ ಕಳ್ಳ ಅಂತ ಹೇಳಿದರೂ ಕೈ ಮುಗೀತಾರ."

ಗುಳ್ಳೆ ಕರಗಿತು. ಹಸಿರು ಪಟ್ಟಿಯನ್ನು ಆಸ್ಪತ್ರೆಯಲ್ಲಿ ಕತ್ತರಿಸಿದರು. ವಿಮಾನ ಹತ್ತಬಹುದು ಎಂದರು. ಅಮಾಯಿಯ ಹೆಸರು ಶುದ್ಧವಾಗಲು ಒಂದೇ ದಾರಿ ಎಂದು ನನಗೆ ತೋಚಿತ್ತು. ಹಿರಿಯನಿಗೆ ಫೋನು ಮಾಡಿ ಅದನ್ನು ಹೇಳಿದೆ. ನಾನು ಬರುತ್ತೇನೆ, ಇಡೀ ಊರನ್ನು ಸೇರಿಸು, ಬಟ್ಟೆ ಕಟ್ಟದೆ ಪಂಪು ಬಿಚ್ಚೋಣ. ವಾಶರು ತೆಗೆದು ತೋರಿಸೋಣ, ಅದಿಲ್ಲದೆ ಎಷ್ಟು ಪ್ರಾರ್ಥನೆ ಮಾಡಿದರೂ ನೀರು ಬಾರದೆಂದು ಎಲ್ಲರೂ ನೋಡಲಿ. ಆಮೇಲೆ ಹೆಂಗಸರ ಕೈಯಲ್ಲೇ ಹಾಕಿಸಿ ನೀರು ತರಿಸೋಣ. ಆಗ ನಂಬುತ್ತಾರೆ.

ಅವನು ಪೂರ್ತಿ ಕೇಳಿದ.

"ಚರ್ಮದ ವಾಶರು ಈಗ ಚೆನ್ನಾಗಿ ಕೂತಿದೆ, ಅಗೊಗೊ. ತೆಗೆದರೆ ಮತ್ತೆ ಹಾಗೇ ಕೂರುತ್ತದೆಯೇ?"

"ಕೂರದಿದ್ದರೆ ಹೊಸದು ಕತ್ತರಿಸಬಹುದು."

"ಒಂದು ರಾತ್ರಿ ಎಣ್ಣೆಯಲ್ಲಿಡಬೇಕು."

"ಹೌದು."

"ಆ ರಾತ್ರಿ ಜನ ಎಲ್ಲಿಯ ನೀರು ಕುಡಿಯಬೇಕು?"

ನನ್ನ ಮಾತು ನಂಬಿಸುವುದಕ್ಕೆ ನಾನು ಮತ್ತೆ ಅವರ ನೀರನ್ನೇ ಕೇಳುತ್ತಿದ್ದೆ.

"ಹಾಗಾದರೆ ಅವಳ ವಿಷಯ?" ಎಂದೆ.

"ಅವಳ ತಪ್ಪಿಲ್ಲ ಎಂದು ನನಗೆ ಗೊತ್ತಿದೆ. ಕೈಯಲ್ಲಿ ವಾಶರು ಪುಡಿಯಾದಾಗಲೇ ಗೊತ್ತಾಯಿತು" ಎಂದ. "ಪಂಪು ಮುಟ್ಟುವುದಿದ್ದರೆ ಬರಬೇಡಿ, ಅಗೊಗೊ. ಸುಮ್ಮನೆ ಬರುವುದಿದ್ದರೆ ಬನ್ನಿ. ಈಗ ಫೋನಿಡುತ್ತೇನೆ. ನೀರಿಗೆ ನಾನೇ ಹೋಗಬೇಕು, ಹೆಂಗಸರ ಸಾಲು ಬೆಳೆದರೆ ನನ್ನ ಸರದಿ ಮಧ್ಯಾಹ್ನಕ್ಕೆ ಹೋಗುತ್ತದೆ."